ಗ್ಯಾರೇಜಿನ ಬಾಗಿಲಲ್ಲಿ ಮಾಯವಾಗುವ ಕಾರಿನ ದೋಷ

ದಾರಿಯಲ್ಲಿ ಒಮ್ಮೆಲೇ ನಿಂತುಹೋದ ಕಾರು ಅರ್ಧ ಗಂಟೆಯ ಬಳಿಕ ಏನೂ ಆಗಿಲ್ಲವೆಂಬಂತೆ ಮತ್ತೆ ಚಾಲೂ ಆಗುತ್ತದೆ. ಮರುದಿನ ಗ್ಯಾರೇಜಿಗೆ ಒಯ್ದರೆ ಅಲ್ಲಿಯೂ ಅದು ಸರಿಯಾಗಿಯೇ ಓಡುತ್ತದೆ. ಮೆಕ್ಯಾನಿಕ್ ಬಾನೆಟ್ ತೆರೆದು ನೋಡಿ, ಗಲ್ಲಿಯ ಕೊನೆಯವರೆಗೆ ಒಂದು ಸುತ್ತು ಓಡಿಸಿ, ‘ಗಾಡಿ ಏಕ್‌ದಮ್ ಠೀಕ್ ಹೈ’ ಎಂದು ಕೀಲಿಕೈಯನ್ನು ಮರಳಿಸುತ್ತಾನೆ. ನಾಲ್ಕು ದಿನ ಕಳೆಯುವುದರೊಳಗೆ ಪುನಃ ಅದೇ ತೊಂದರೆ. ರಾತ್ರಿಯೆಲ್ಲ ಕೆಮ್ಮಿ ಮನೆಯವರ ನಿದ್ದೆಗೆಡಿಸಿದ ಮಗು ವೈದ್ಯರ ಎದುರು ಕುಳಿತೊಡನೆ ನಗುತ್ತ ಆಡುವಂತೆ, ಕಾರು ಕೂಡ ನಮ್ಮನ್ನೇ ಸುಳ್ಳುಗಾರರನ್ನಾಗಿ ಮಾಡುತ್ತದೆ.

ಕಾರಿನ ದೋಷಗಳಲ್ಲಿ ಎರಡು ಜಾತಿ. ಟೈರು ಪಂಕ್ಚರ್ ಆಗುವುದು, ಕ್ಲಚ್ ಸವೆಯುವುದು ಇವೆಲ್ಲ ಬಂದ ಮೇಲೆ ಹೋಗದ ದೋಷಗಳು. ಎಲ್ಲಿಗೆ ಒಯ್ದರೂ ಕಣ್ಣಿಗೆ ಬೀಳುತ್ತವೆ. ಬಂದು ಹೋಗುವ ದೋಷಗಳ ಸ್ವಭಾವ ಬೇರೆ. ಅವು ನಿರ್ದಿಷ್ಟ ಸನ್ನಿವೇಶದಲ್ಲಿ ಮಾತ್ರ ತಲೆಯೆತ್ತುತ್ತವೆ. ಆ ಸನ್ನಿವೇಶ ಗ್ಯಾರೇಜಿನಲ್ಲಿ ಇರುವುದಿಲ್ಲ. ಮೆಕ್ಯಾನಿಕನ ಜಾಣತನ ಎಷ್ಟೇ ಇರಲಿ, ದೋಷ ತೋರಿದ ಗಳಿಗೆಯಲ್ಲಿ ಅಲ್ಲಿದ್ದವರು ನಾವು, ಅವನಲ್ಲ. ಆ ಸನ್ನಿವೇಶವನ್ನು ಮಾತಿನಲ್ಲಾಗಲಿ ಬರಹದಲ್ಲಾಗಲಿ ಗ್ಯಾರೇಜಿಗೆ ಮುಟ್ಟಿಸದೆ ಇಂಥ ದೋಷಕ್ಕೆ ಪರಿಹಾರ ಕಷ್ಟ.

ಇದು ಬರಿಯ ಕಿರಿಕಿರಿಯ ವಿಷಯವಲ್ಲ. ಮೇ ತಿಂಗಳ ರಜೆಯಲ್ಲಿ, ಗಣೇಶ ಚೌತಿಗೆ, ದೈವ ದೇವರ ಕಾರ್ಯಗಳಿಗೆ ಮುಂಬಯಿಯಿಂದ ಊರಿಗೆ ಕಾರಿನಲ್ಲಿ ಹೊರಡುವ ನಮ್ಮ ಕುಟುಂಬಗಳು ಎಷ್ಟೋ. ಪುಣೆ, ಕೊಲ್ಲಾಪುರ, ಬೆಳಗಾವಿ ದಾರಿಯಾದರೆ ಖಂಡಾಲ ಮತ್ತು ಖಂಬಾಟಕಿ ಘಾಟಿಗಳು. ಕೊಂಕಣದ ದಾರಿಯಾದರೆ ಕಶೇಡಿ, ಪರಶುರಾಮ ಘಾಟಿಗಳು. ಅಂಧೇರಿಯ ಸಿಗ್ನಲಿನಲ್ಲಿ ಎಂಜಿನ್ ಬಂದ್ ಬಿದ್ದರೆ ಹಿಂದಿನವರ ಹಾರ್ನು ಕೇಳಿದರೆ ಮುಗಿಯಿತು. ಅದೇ ದೋಷ ರಾತ್ರಿಯ ಹೊತ್ತು, ಏರುದಾರಿಯಲ್ಲಿ, ಹಿಂದೆ ಲಾರಿ ಬರುತ್ತಿರುವಾಗ, ಕಾರಿನಲ್ಲಿ ವೃದ್ಧರೂ ಮಕ್ಕಳೂ ಇರುವಾಗ ಕಾಣಿಸಿಕೊಂಡರೆ ಪ್ರಾಣಕ್ಕೆ ಸಂಚಕಾರ.

ಹಿಂದಿನ ಕಾಲದಲ್ಲಿಯೂ ಇಂಥ ದೋಷಗಳು ಇರಲಿಲ್ಲವೆಂದಲ್ಲ. 2023ರ ಅಕ್ಟೋಬರ್ ಕೊನೆಯಲ್ಲಿ ಮುಂಬಯಿಯ ರಸ್ತೆಗಳಿಂದ ನಿವೃತ್ತವಾದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳನ್ನು ಬಲ್ಲವರಿಗೆ ಒಂದು ದೃಶ್ಯ ನೆನಪಿರಬಹುದು. ಬೇಸಿಗೆಯಲ್ಲಿ ಘಾಟಿ ಏರಿ ನಿಂತ ಗಾಡಿಯ ಬಾನೆಟ್ ಎತ್ತಿ, ಚಾಲಕ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುತ್ತಿದ್ದ. ಎಂಜಿನಿನ ಮೈಗೇ ಅಂಟಿಕೊಂಡಿದ್ದ ಆ ಪಂಪಿನಲ್ಲಿ, ಅದರ ಕೊಳವೆಯಲ್ಲಿ ಪೆಟ್ರೋಲು ಕಾದು ಆವಿಯಾಗುತ್ತಿತ್ತು, ಆವಿಯನ್ನು ಪಂಪು ಎಳೆಯಲಾರದೆ ಗಾಡಿ ನಿಲ್ಲುತ್ತಿತ್ತು, ತಣ್ಣಗಾದೊಡನೆ ಹೊರಡುತ್ತಿತ್ತು. ಅದು ಬಂದು ಹೋಗುವ ದೋಷವೇ. ಆದರೆ ಅದರ ಸನ್ನಿವೇಶ ಎಲ್ಲರಿಗೂ ಗೊತ್ತಿತ್ತು, ಭಾಗಗಳು ಕಣ್ಣಿಗೆ ಕಾಣುತ್ತಿದ್ದವು, ಕಿವಿಗೆ ಕೇಳುತ್ತಿದ್ದವು.

ಇಂದಿನ ಕಾರಿನಲ್ಲಿ ಪೆಟ್ರೋಲು ಎಷ್ಟು ಸಿಂಪಡಿಸಬೇಕು, ಕಿಡಿ ಯಾವಾಗ ಹಾರಬೇಕು ಎಂಬುದನ್ನು ನಿರ್ಧರಿಸುವುದು ಒಂದು ಗಣಕ. ಮೆಕ್ಯಾನಿಕರ ಭಾಷೆಯಲ್ಲಿ ಇಸಿಎಂ ಅಥವಾ ಇಸಿಯು. ಅದಕ್ಕೆ ಕಣ್ಣು ಕಿವಿಗಳಾಗಿ ಹತ್ತಾರು ಸೆನ್ಸರುಗಳು, ಅವುಗಳಿಂದ ಹೊರಟ ತಂತಿಗಳ ದೊಡ್ಡ ಕಟ್ಟು, ಒಂದೊಂದು ತಂತಿಗೂ ಜೋಡಣೆಯ ಸಾಕೆಟ್ಟುಗಳು. ಈ ತಂತಿ, ಸಾಕೆಟ್ಟು, ರಿಲೇ, ಸೆನ್ಸರುಗಳ ಬಳಗದಲ್ಲಿಯೇ ಬಂದು ಹೋಗುವ ದೋಷಗಳು ಬಹಳವಾಗಿ ಮನೆಮಾಡಿಕೊಂಡಿರುತ್ತವೆ. ಅವುಗಳನ್ನು ಹೊರಗೆಳೆಯುವ ಶಕ್ತಿಗಳು ಮುಖ್ಯವಾಗಿ ನಾಲ್ಕು: ಶಾಖ, ಅಲುಗಾಟ, ತೇವ ಮತ್ತು ವಿದ್ಯುತ್ತಿನ ಭಾರ. ಗ್ಯಾರೇಜಿನಲ್ಲಿ ನಿಂತ ಕಾರು ತಣ್ಣಗಿದೆ, ಅಲುಗಾಡುವುದಿಲ್ಲ, ಒಣಗಿದೆ, ಎಸಿ ಮತ್ತು ದೀಪಗಳು ಆರಿವೆ. ನಾಲ್ಕೂ ಶಕ್ತಿಗಳು ಅಲ್ಲಿ ಗೈರುಹಾಜರು.

ಶಾಖದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಊರಿನ ದಾರಿಯಲ್ಲಿ ನಮ್ಮವರನ್ನು ಕಾಡುವುದು ಇದೇ. ಎಂಜಿನಿನ ಮುಖ್ಯ ದಂಡವು ಯಾವ ವೇಗದಲ್ಲಿ ತಿರುಗುತ್ತಿದೆ, ಈ ಕ್ಷಣ ಯಾವ ಸ್ಥಾನದಲ್ಲಿದೆ ಎಂಬುದನ್ನು ಗಣಕಕ್ಕೆ ತಿಳಿಸುವ ಸಣ್ಣ ಭಾಗಕ್ಕೆ ಕ್ರ್ಯಾಂಕ್ ಸೆನ್ಸರ್ ಎಂದು ಹೆಸರು. ಹಲವು ಕಾರುಗಳಲ್ಲಿ ಅದು ಕೂದಲೆಳೆಯಂಥ ತಾಮ್ರದ ತಂತಿಯನ್ನು ಅಯಸ್ಕಾಂತದ ಸುತ್ತ ಸುತ್ತಿದ ಸುರುಳಿ. ವರ್ಷಗಳು ಕಳೆದಂತೆ ಆ ತಂತಿಯಲ್ಲಿ ಎಲ್ಲೋ ಒಂದು ಸೂಕ್ಷ್ಮ ಬಿರುಕು ಬೀಳಬಹುದು. ತಣ್ಣಗಿರುವಾಗ ಬಿರುಕಿನ ಎರಡು ತುದಿಗಳು ಮುಟ್ಟಿಕೊಂಡಿರುತ್ತವೆ. ಕಾದಾಗ ಹಿಗ್ಗಿ ದೂರವಾಗುತ್ತವೆ. ಸೆನ್ಸರಿನ ಸುದ್ದಿ ನಿಂತೊಡನೆ ಗಣಕವು ಎಂಜಿನ್ ತಿರುಗುತ್ತಿಲ್ಲವೆಂದೇ ಭಾವಿಸುತ್ತದೆ. ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ.

ಇಲ್ಲೊಂದು ವಿಚಿತ್ರವಿದೆ. ಬಾನೆಟ್ಟಿನ ಕೆಳಗಿನ ಶಾಖ ಅತಿ ಹೆಚ್ಚಾಗುವುದು ಕಾರು ಓಡುತ್ತಿರುವಾಗಲ್ಲ, ಓಡಿ ನಿಂತ ಮೇಲೆ. ಎಂಜಿನ್ ಬಂದ್ ಮಾಡಿದೊಡನೆ ಅದನ್ನು ತಂಪಾಗಿಸುವ ನೀರಿನ ಸಂಚಾರ ನಿಲ್ಲುತ್ತದೆ, ಎದುರುಗಾಳಿ ನಿಲ್ಲುತ್ತದೆ. ಲೋಹದೊಳಗಿನ ಶಾಖ ಸುತ್ತಲಿನ ಭಾಗಗಳಿಗೆ ಹರಡುತ್ತದೆ. ಘಾಟಿ ಏರುವವರೆಗೆ ಚೆನ್ನಾಗಿದ್ದ ಕಾರು ಲೋಣಾವಳದಲ್ಲಿ ಚಹಾ ಕುಡಿದು ಬಂದೊಡನೆ ಹಟ ಹಿಡಿಯುವುದು ಈ ಕಾರಣಕ್ಕೆ. ಮುಕ್ಕಾಲು ಗಂಟೆ ಕಾದರೆ ತಾನಾಗಿಯೇ ಹೊರಡುತ್ತದೆ. ಮರುದಿನ ಬೆಳಿಗ್ಗೆ ತಣ್ಣಗಿನ ಕಾರನ್ನು ನೋಡಿದ ಮೆಕ್ಯಾನಿಕನಿಗೆ ಇದರ ಸುಳಿವಾದರೂ ಹೇಗೆ ಸಿಗಬೇಕು?

ಅಲುಗಾಟ ಮತ್ತು ವಿದ್ಯುತ್ತಿನ ಭಾರ ಕೂಡಿ ಆಡುವ ಆಟ ಇನ್ನೊಂದು. ಕಾರಿನ ಬ್ಯಾಟರಿಯ ಒಂದು ತುದಿಯಿಂದ ದಪ್ಪ ಕೇಬಲೊಂದು ಕಾರಿನ ಮೈಗೂ ಎಂಜಿನಿಗೂ ಜೋಡಿಸಿರುತ್ತದೆ, ಇದೇ ಅರ್ಥಿಂಗ್. ಸಮುದ್ರದ ಉಪ್ಪು ಗಾಳಿಯಲ್ಲಿ ವರ್ಷಗಟ್ಟಲೆ ನಿಲ್ಲುವ ನಮ್ಮ ಕಾರುಗಳಲ್ಲಿ ಈ ಜೋಡಣೆಗಳು ತುಕ್ಕು ಹಿಡಿಯುವುದು ಸಹಜ. ಕೇಬಲಿನ ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಸಾಧಾರಣ ಮೀಟರು ‘ಸಂಪರ್ಕ ಸರಿಯಿದೆ’ ಎಂದೇ ತೋರಿಸುತ್ತದೆ, ಏಕೆಂದರೆ ಮೀಟರು ಹರಿಸುವ ವಿದ್ಯುತ್ತು ಅತ್ಯಲ್ಪ. ಅದೇ ಕೇಬಲಿನಲ್ಲಿ ಸ್ಟಾರ್ಟರ್ ಮೋಟರಿನ ನೂರಾರು ಆಂಪಿಯರ್ ಹರಿಯಬೇಕಾದಾಗ ಬಣ್ಣ ಬಯಲಾಗುತ್ತದೆ. ಆದುದರಿಂದ ಬಲ್ಲ ಮೆಕ್ಯಾನಿಕ್ ಭಾರ ಹಾಕಿ ಅಳೆಯುತ್ತಾನೆ: ದೀಪ, ಎಸಿ, ಫ್ಯಾನು ಎಲ್ಲವನ್ನೂ ಹಚ್ಚಿ, ಎಂಜಿನ್ ತಿರುಗಿಸುತ್ತ, ಜೋಡಣೆಯ ಎರಡು ತುದಿಗಳ ನಡುವೆ ಎಷ್ಟು ವೋಲ್ಟ್ ಸೋರಿಹೋಗುತ್ತಿದೆ ಎಂದು ನೋಡುತ್ತಾನೆ. ವಿಶ್ರಾಂತಿಯಲ್ಲಿರುವ ಪೂರ್ಣ ಚಾರ್ಜಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5ರ ನಡುವೆ ಇರಬೇಕು. ಈ ಎರಡು ಅಂಕಿಗಳನ್ನು ಕಾರಿಟ್ಟುಕೊಂಡವರು ನೆನಪಿನಲ್ಲಿಟ್ಟುಕೊಂಡರೆ ಅನಾವಶ್ಯಕ ಬ್ಯಾಟರಿ ಖರೀದಿಯೊಂದಾದರೂ ತಪ್ಪುತ್ತದೆ.

ತೇವದ ಬಗ್ಗೆ ಮುಂಬಯಿಯವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಾತ್ರ ಕಾಣಿಸುವ, ದಸರೆಗೆ ತಾನಾಗಿ ವಾಸಿಯಾಗುವ ‘ಮಿಸ್ಸಿಂಗ್’ ಇದ್ದರೆ ಇಗ್ನಿಷನ್ ಕಾಯಿಲಿನ ಮೇಲೆ ಸಂಶಯ ಪಡಬಹುದು. ಬಿರುಕು ಬಿಟ್ಟ ಕವಚದ ತೇವದ ಮೂಲಕ ಕಿಡಿ ಅಡ್ಡದಾರಿ ಹಿಡಿಯುತ್ತದೆ. ಇನ್ನು ಹೌಸಿಂಗ್ ಸೊಸೈಟಿಯ ಪಾರ್ಕಿಂಗಿನ ಇಲಿಗಳು. ಅರ್ಧ ಕಡಿದು ಬಿಟ್ಟ ತಂತಿ ಮಳೆಯಲ್ಲಿ ಒಂದು ಬಗೆ, ಬಿಸಿಲಲ್ಲಿ ಇನ್ನೊಂದು ಬಗೆ.

ವಿದ್ಯುತ್ತಿಗೆ ಸಂಬಂಧಿಸದ ಉದಾಹರಣೆಗಳೂ ಇವೆ. ಪೆಟ್ರೋಲ್ ಪಂಪು ಈಗ ಟ್ಯಾಂಕಿನೊಳಗೆ ಪೆಟ್ರೋಲಿನಲ್ಲಿಯೇ ಮುಳುಗಿರುತ್ತದೆ, ಅದರಿಂದಲೇ ತಂಪಾಗುತ್ತದೆ. ಟ್ಯಾಂಕು ಕಾಲು ಭಾಗಕ್ಕಿಂತ ಕಡಿಮೆಯಿದ್ದಾಗ, ಅದರಲ್ಲೂ ಏರಿನಲ್ಲಿ ಮಾತ್ರ ಕಾರು ಮುಗ್ಗರಿಸುತ್ತಿದ್ದರೆ ಅದು ದೊಡ್ಡ ಸುಳಿವು. ಎಸಿಯ ಕಥೆ ಇನ್ನೂ ಸ್ವಾರಸ್ಯಕರ: ಒಂದು ಗಂಟೆ ಚೆನ್ನಾಗಿ ತಂಪು ಕೊಟ್ಟ ಎಸಿ ಕ್ರಮೇಣ ಗಾಳಿ ಬೀಸುವುದನ್ನೇ ಕಡಿಮೆ ಮಾಡುತ್ತದೆ, ಹತ್ತಿಪ್ಪತ್ತು ನಿಮಿಷ ಆರಿಸಿ ಪುನಃ ಹಚ್ಚಿದರೆ ಮೊದಲಿನಂತಾಗುತ್ತದೆ. ಡ್ಯಾಶ್‌ಬೋರ್ಡಿನ ಒಳಗಿರುವ ತಂಪು ಸುರುಳಿಯ ಮೇಲೆ ಮಂಜುಗಡ್ಡೆ ಕಟ್ಟಿ ಗಾಳಿಯ ದಾರಿ ಮುಚ್ಚುವುದು ಇದಕ್ಕೆ ಕಾರಣವಾಗಿರುವುದುಂಟು. ಗ್ಯಾರೇಜಿಗೆ ಹೋಗುವಷ್ಟರಲ್ಲಿ ಮಂಜು ಕರಗಿ ನೀರಾಗಿ ಸಾಕ್ಷ್ಯವೇ ಹರಿದುಹೋಗಿರುತ್ತದೆ. ಹಾಗೆಯೇ, ಬೆಳಗಿನ ಮೊದಲ ಒಂದೆರಡು ಬ್ರೇಕಿಗೆ ಮಾತ್ರ ಕೇಳಿಸುವ ಕಿರಗುಟ್ಟುವಿಕೆ ಅನೇಕ ವೇಳೆ ದೋಷವೇ ಅಲ್ಲ. ರಾತ್ರಿಯ ತೇವದಿಂದ ಬ್ರೇಕಿನ ತಟ್ಟೆಯ ಮೇಲೆ ಕುಳಿತ ತೆಳು ತುಕ್ಕು ಒರೆಸಿಹೋಗುವ ಸದ್ದು.

ಇಷ್ಟೆಲ್ಲ ಸಾಧ್ಯತೆಗಳಿರುವಾಗ ಗ್ಯಾರೇಜಿನಲ್ಲಿ ನಾವು ಹೇಳುವುದೇನು? ‘ಗಾಡಿ ಕೆಲವೊಮ್ಮೆ ಸ್ಟಾರ್ಟ್ ಆಗುವುದಿಲ್ಲ.’ ಈ ಒಂದು ಮಾತಿಗೆ ಎರಡು ಬೇರೆ ಬೇರೆ ಅರ್ಥಗಳಿವೆ. ಕೀಲಿ ತಿರುಗಿಸಿದಾಗ ‘ಟಿಕ್’ ಎಂಬ ಸದ್ದಿನ ಹೊರತು ಏನೂ ಆಗದಿದ್ದರೆ ಬ್ಯಾಟರಿ, ಕೇಬಲು, ಸ್ಟಾರ್ಟರ್ ಇವುಗಳ ಕಡೆ ನೋಡಬೇಕು. ಎಂಜಿನ್ ಗರಗರನೆ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಪೆಟ್ರೋಲು, ಕಿಡಿ, ಸೆನ್ಸರುಗಳ ಕಡೆ. ಈ ವ್ಯತ್ಯಾಸವನ್ನು ಹೇಳದೆ ಬಿಟ್ಟರೆ ಮೆಕ್ಯಾನಿಕ್ ತಪ್ಪು ಮೂಲೆಯಲ್ಲಿ ಅರ್ಧ ದಿನ ಹುಡುಕಬಹುದು.

ನಮ್ಮ ಮನೆಗಳ ಪದ್ಧತಿ ಇದನ್ನು ಇನ್ನಷ್ಟು ಕಠಿಣಗೊಳಿಸುತ್ತದೆ. ಕಾರು ಓಡಿಸುವವನು ಮಗ, ಗ್ಯಾರೇಜಿಗೆ ಒಯ್ಯುವವನು ಡ್ರೈವರ್, ಬಿಲ್ಲು ಕೊಡುವವರು ತಂದೆ. ಮಗ ಕನ್ನಡದಲ್ಲಿಯೋ ತುಳುವಿನಲ್ಲಿಯೋ ಹೇಳಿದ್ದು ಡ್ರೈವರಿನ ಬಾಯಲ್ಲಿ ಹಿಂದಿಯಾಗಿ, ಸರ್ವಿಸ್ ಅಡ್ವೈಸರನ ಕೈಯಲ್ಲಿ ಮೂರು ಪದಗಳ ಇಂಗ್ಲಿಷಾಗಿ ಜಾಬ್ ಕಾರ್ಡಿನ ಮೇಲೆ ಇಳಿಯುತ್ತದೆ. ಆ ಕಾರ್ಡನ್ನು ಓದಿ ಕೆಲಸ ಮಾಡುವವನು ನಾಲ್ಕನೆಯವನು. ದೋಷವನ್ನು ಅನುಭವಿಸಿದವರೇ, ಅವರು ಗೃಹಿಣಿಯಾಗಿರಲಿ ಕಾಲೇಜಿಗೆ ಹೋಗುವ ಮಗಳಾಗಿರಲಿ, ಗ್ಯಾರೇಜಿಗೆ ಹೋಗಿ ಮೆಕ್ಯಾನಿಕನ ಎದುರೇ ಮಾತನಾಡುವುದು ಉತ್ತಮ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಹೇಳಿದ ದಾರಿಯಲ್ಲಿ, ಅವರು ಹೇಳಿದ ವೇಗದಲ್ಲಿ ಓಡಿಸಿ ನೋಡುವಂತೆ ಕೇಳಿಕೊಳ್ಳಬೇಕು.

ಬಾಯಿಮಾತಿಗಿಂತ ಬರಹ ಮೇಲು. ಕಾರಿನಲ್ಲಿ ಒಂದು ಸಣ್ಣ ಪುಸ್ತಕವಿಟ್ಟು, ದೋಷ ಕಂಡಾಗಲೆಲ್ಲ ಗಾಡಿ ನಿಲ್ಲಿಸಿದ ಮೇಲೆ ನಾಲ್ಕು ಸಾಲು ಬರೆಯಬೇಕು. ತಾರೀಖು, ಹೊತ್ತು, ಕಿಲೋಮೀಟರು, ಹೊರಟು ಎಷ್ಟು ನಿಮಿಷವಾಗಿತ್ತು, ಮಧ್ಯೆ ಎಲ್ಲಾದರೂ ನಿಲ್ಲಿಸಿದ್ದರೆ ಎಷ್ಟು ಹೊತ್ತು, ಮಳೆಯೋ ಬಿಸಿಲೋ, ಏರೋ ಸಮತಟ್ಟೋ, ಎಸಿ ಹಚ್ಚಿತ್ತೇ, ಟ್ಯಾಂಕಿನಲ್ಲಿ ಎಷ್ಟಿತ್ತು, ಯಾವ ದೀಪ ಉರಿಯಿತು, ಸರಿಯಾಗಲು ಎಷ್ಟು ಹೊತ್ತು ಹಿಡಿಯಿತು. ಯಾವಾಗ ಬರಲಿಲ್ಲ ಎಂಬುದೂ ಅಷ್ಟೇ ಮುಖ್ಯ. ‘ಬೆಳಗಿನ ಮೊದಲ ಸ್ಟಾರ್ಟಿಗೆ ಒಮ್ಮೆಯೂ ತೊಂದರೆಯಿಲ್ಲ’ ಎಂಬ ಸಾಲು ಹತ್ತು ಸಂಶಯಗಳನ್ನು ಹೊಡೆದು ಹಾಕುತ್ತದೆ. ಪಕ್ಕದಲ್ಲಿ ಕುಳಿತವರು ಮೊಬೈಲಿನಲ್ಲಿ ಡ್ಯಾಶ್‌ಬೋರ್ಡಿನ ದೀಪಗಳನ್ನೂ ಸದ್ದನ್ನೂ ಚಿತ್ರೀಕರಿಸಿಕೊಂಡರೆ ಅದಕ್ಕಿಂತ ದೊಡ್ಡ ಸಾಕ್ಷಿಯಿಲ್ಲ. ಓಡಿಸುವವರು ಮಾತ್ರ ಈ ಕೆಲಸಕ್ಕೆ ಕೈಹಾಕಬಾರದು.

ಥಾಣೆಯಲ್ಲಿರುವ ನಮ್ಮ ಪರಿಚಯದ ಒಂದು ಕುಟುಂಬದ ಕಾರಿನ ಪ್ರಕರಣವನ್ನು ಇಲ್ಲಿ ಹೇಳಬಹುದು. ನಾಲ್ಕು ತಿಂಗಳಲ್ಲಿ ಆ ಕಾರಿಗೆ ಹೊಸ ಬ್ಯಾಟರಿ, ಹೊಸ ಪ್ಲಗ್ಗುಗಳು, ಹೊಸ ಪೆಟ್ರೋಲ್ ಪಂಪು ಎಲ್ಲವೂ ಬಂದವು. ದೋಷ ಮಾತ್ರ ಹೋಗಲಿಲ್ಲ. ಕಡೆಗೆ ಆ ಮನೆಯ ಮಗಳು ಆರು ವಾರ ಪುಸ್ತಕದಲ್ಲಿ ಬರೆದಿಟ್ಟಳು. ಏಳು ಸಲವೂ ಕಾರು ಕೈಕೊಟ್ಟದ್ದು ಕನಿಷ್ಠ ನಲವತ್ತು ನಿಮಿಷ ಓಡಿ, ಹತ್ತು ಹದಿನೈದು ನಿಮಿಷ ನಿಂತು, ಮತ್ತೆ ಹೊರಡುವಾಗ. ಆ ಪುಟವನ್ನು ಓದಿದ ಇನ್ನೊಬ್ಬ ಮೆಕ್ಯಾನಿಕ್ ಕಾರನ್ನು ಚೆನ್ನಾಗಿ ಓಡಿಸಿ ತಂದು ನಿಲ್ಲಿಸಿ, ಹದಿನೈದು ನಿಮಿಷ ಕಾದು, ಅದು ಹಟ ಹಿಡಿದಾಗ ಕ್ರ್ಯಾಂಕ್ ಸೆನ್ಸರಿಗೆ ತಂಪು ದ್ರವ ಸಿಂಪಡಿಸಿದ. ಕಾರು ಆಗಲೇ ಹೊರಟಿತು. ಹೊಸ ಸೆನ್ಸರಿಗೆ ತಗಲಿದ ವೆಚ್ಚ ಅದುವರೆಗೆ ಹಾಕಿದ ಬ್ಯಾಟರಿಯೊಂದರ ಬೆಲೆಗಿಂತ ಕಡಿಮೆ.

ಸನ್ನಿವೇಶವನ್ನು ಗ್ಯಾರೇಜಿನಲ್ಲಿಯೇ ಸೃಷ್ಟಿಸುವುದು ಒಳ್ಳೆಯ ಮೆಕ್ಯಾನಿಕನ ಲಕ್ಷಣ. ಶಾಖದ ಸಂಶಯವಿದ್ದರೆ ಕೂದಲು ಒಣಗಿಸುವ ಯಂತ್ರದಂಥ ಬಿಸಿಗಾಳಿಯಿಂದ ಭಾಗವನ್ನು ಕಾಯಿಸುತ್ತಾನೆ. ತೇವದ ಸಂಶಯವಿದ್ದರೆ ಬಾಟಲಿಯಿಂದ ನೀರು ಚಿಮುಕಿಸುತ್ತಾನೆ. ಸಂಪರ್ಕದ ಸಂಶಯವಿದ್ದರೆ ಎಂಜಿನ್ ಓಡುತ್ತಿರುವಾಗ ತಂತಿಯ ಕಟ್ಟನ್ನು ಒಂದೊಂದೆಡೆ ಅಲುಗಾಡಿಸಿ ಎಲ್ಲಿ ಮುಟ್ಟಿದಾಗ ಎಂಜಿನ್ ತಡವರಿಸುತ್ತದೆ ಎಂದು ನೋಡುತ್ತಾನೆ. ರಿಲೇಯ ಮೇಲೆ ಸಂಶಯವಿದ್ದರೆ ಅದೇ ಪೆಟ್ಟಿಗೆಯಲ್ಲಿರುವ ಅದೇ ಅಳತೆಯ ಇನ್ನೊಂದರೊಡನೆ ಅದಲು ಬದಲು ಮಾಡಿ, ದೋಷವೂ ಜಾಗ ಬದಲಿಸುತ್ತದೆಯೇ ಎಂದು ಪರೀಕ್ಷಿಸುತ್ತಾನೆ. ಬೆಳಗಿನ ತಣ್ಣಗಿನ ದೋಷವಾದರೆ ಕಾರನ್ನು ರಾತ್ರಿ ತನ್ನಲ್ಲಿಯೇ ಬಿಡಿ ಎನ್ನುತ್ತಾನೆ. ಇವನ್ನೆಲ್ಲ ಮನೆಯಲ್ಲಿ ಮಾಡುವ ಸಾಹಸ ಬೇಡ. ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ಕೇಬಲುಗಳನ್ನಂತೂ ಮುಟ್ಟಲೇಬಾರದು.

ಗಣಕವೂ ತನ್ನದೇ ಆದ ದಿನಚರಿಯನ್ನು ಇಡುತ್ತದೆ. ನಮ್ಮ ದೇಶದ ಕಾರುಗಳಿಗೆ ಭಾರತ್ ಸ್ಟೇಜ್ 4ರ ನಿಯಮದಡಿ ದೋಷಗಳನ್ನು ತಾನೇ ಗುರುತಿಸಿಕೊಳ್ಳುವ ವ್ಯವಸ್ಥೆ 2010ರ ಏಪ್ರಿಲ್‌ನಿಂದ ಮೊದಲ ಹಂತದಲ್ಲಿ, 2013ರ ಏಪ್ರಿಲ್‌ನಿಂದ ಎರಡನೆಯ ಹಂತದಲ್ಲಿ ಕಡ್ಡಾಯವಾಯಿತು. 2020ರ ಏಪ್ರಿಲ್‌ನಿಂದ ದೇಶದಾದ್ಯಂತ ಬಂದ ಭಾರತ್ ಸ್ಟೇಜ್ 6 ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಸ್ಟಿಯರಿಂಗಿನ ಕೆಳಭಾಗದಲ್ಲಿ 16 ಪಿನ್ನಿನ ಸಾಕೆಟ್ಟೊಂದಿರುತ್ತದೆ. ಅದಕ್ಕೆ ಸ್ಕ್ಯಾನರ್ ಜೋಡಿಸಿದರೆ ಗಣಕವು ಬರೆದಿಟ್ಟ ಕೋಡುಗಳು ಕಾಣುತ್ತವೆ. ಎಂಜಿನ್ ದೀಪ ಉರಿಯದಿದ್ದರೂ ಕೋಡು ಇರಬಹುದು. ಅನೇಕ ದೋಷಗಳನ್ನು ಗಣಕವು ಒಂದು ಸಲ ಕಂಡಾಗ ‘ವಿಚಾರಣೆಯಲ್ಲಿದೆ’ ಎಂದು ಬರೆದಿಡುತ್ತದೆ, ಮುಂದಿನ ಓಟದಲ್ಲಿ ಮತ್ತೆ ಕಂಡರೆ ಮಾತ್ರ ದೀಪ ಹಚ್ಚುತ್ತದೆ. ಇದನ್ನು ಪೆಂಡಿಂಗ್ ಕೋಡ್ ಎನ್ನುತ್ತಾರೆ. ಸತತ ಮೂರು ಓಟಗಳಲ್ಲಿ ದೋಷ ಕಾಣದಿದ್ದರೆ ದೀಪ ಆರುತ್ತದೆ. ಕೋಡಿನ ದಾಖಲೆ ಮಾತ್ರ ಸಾಮಾನ್ಯವಾಗಿ ಎಂಜಿನ್ ನಲವತ್ತು ಸಲ ತಣ್ಣಗಾಗಿ ಕಾಯುವವರೆಗೆ ಉಳಿಯುತ್ತದೆ.

ಇದಕ್ಕಿಂತ ಬೆಲೆಯುಳ್ಳದ್ದು ಫ್ರೀಜ್ ಫ್ರೇಮ್ ಎಂಬ ದಾಖಲೆ. ಕೋಡು ದಾಖಲಾದ ಕ್ಷಣದಲ್ಲಿ ಎಂಜಿನಿನ ವೇಗವೆಷ್ಟು, ನೀರಿನ ಶಾಖವೆಷ್ಟು, ಕಾರಿನ ವೇಗವೆಷ್ಟು, ಎಂಜಿನಿನ ಮೇಲಿನ ಭಾರವೆಷ್ಟು ಎಂಬುದರ ಚಿತ್ರ ಅದು. ನಮ್ಮ ಪುಸ್ತಕದ ಸಾಲನ್ನೂ ಅದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ದೋಷದ ಸನ್ನಿವೇಶ ಅರ್ಧಕ್ಕಿಂತ ಹೆಚ್ಚು ಸ್ಪಷ್ಟವಾಗುತ್ತದೆ. ಆದರೆ ಕೋಡುಗಳನ್ನು ಅಳಿಸಿದರೆ ಈ ದಾಖಲೆಯೂ ಅಳಿಯುತ್ತದೆ. ಬ್ಯಾಟರಿಯ ತಂತಿ ಕಳಚಿದರೂ ಅನೇಕ ಕಾರುಗಳಲ್ಲಿ ಹೀಗಾಗುತ್ತದೆ. ‘ಬ್ಯಾಟರಿ ತೆಗೆದು ಹಾಕಿ, ಸರಿಹೋಗುತ್ತದೆ’ ಎಂಬ ಬೀದಿಯ ಸಲಹೆ ಸಾಕ್ಷ್ಯನಾಶಕ್ಕೆ ಸಮಾನ. ಅಳಿಸುವ ಮುನ್ನ ಸ್ಕ್ಯಾನರಿನ ಪರದೆಯ ಚಿತ್ರ ತೆಗೆದುಕೊಳ್ಳಲು ನಾವೇ ಕೇಳಬೇಕು.

ಕೋಡು ತೀರ್ಪಲ್ಲ, ದೂರು ಮಾತ್ರ ಎಂಬುದನ್ನೂ ತಿಳಿದಿರಬೇಕು. ಪಿ 0335 ಎಂಬ ಕೋಡು ಬಂದರೆ ಕ್ರ್ಯಾಂಕ್ ಸೆನ್ಸರ್ ಕೆಟ್ಟಿದೆ ಎಂದರ್ಥವಲ್ಲ. ಆ ಸೆನ್ಸರಿನ ಮಂಡಲದಲ್ಲಿ ಏನೋ ತಪ್ಪಿದೆ ಎಂದಷ್ಟೇ. ತಂತಿ ಇರಬಹುದು, ಸಾಕೆಟ್ಟಿನ ಹಸಿರು ತುಕ್ಕು ಇರಬಹುದು, ಸೆನ್ಸರೂ ಇರಬಹುದು. ಸ್ಕ್ಯಾನರಿನಲ್ಲಿ ಕೋಡು ನೋಡಿದೊಡನೆ ಭಾಗದ ಬೆಲೆ ಹೇಳುವ ಗ್ಯಾರೇಜಿಗಿಂತ, ನಡುವೆ ಮೀಟರು ಹಿಡಿಯುವ ಗ್ಯಾರೇಜು ವಿಶ್ವಾಸಾರ್ಹ.

ಇಲ್ಲಿ ಹಣದ ಮಾತು ಬರುತ್ತದೆ, ಅದನ್ನು ಸಂಕೋಚವಿಲ್ಲದೆ ಆಡಬೇಕು. ವೈದ್ಯರು ಹತ್ತು ನಿಮಿಷ ನೋಡಿದ್ದಕ್ಕೆ ನಾವು ಮರುಮಾತಿಲ್ಲದೆ ಶುಲ್ಕ ಕೊಡುತ್ತೇವೆ; ಮೆಕ್ಯಾನಿಕ್ ಮೂರು ಗಂಟೆ ಹುಡುಕಿ ಸಡಿಲವಾದ ಒಂದು ತಂತಿಯನ್ನು ಬಿಗಿಮಾಡಿದರೆ ‘ಏನೂ ಹಾಕಿಲ್ಲವಲ್ಲ, ಎಂತಹ ಬಿಲ್ಲು?’ ಎನ್ನುತ್ತೇವೆ. ಹುಡುಕಿದ ಹೊತ್ತಿಗೆ ಬೆಲೆಯಿಲ್ಲ, ಹಾಕಿದ ಸಾಮಾನಿಗೆ ಮಾತ್ರ ಬೆಲೆ ಎಂದಾದರೆ ಯಾವ ಗ್ಯಾರೇಜು ತಾನೇ ಹುಡುಕೀತು? ಊಹೆಯ ಮೇಲೆ ಸಾಮಾನು ಬದಲಿಸುವ ಚಾಳಿಗೆ ನಮ್ಮ ಈ ಸ್ವಭಾವವೂ ಗೊಬ್ಬರ ಹಾಕಿದೆ. ‘ಪರೀಕ್ಷೆಯ ಹೊತ್ತಿಗೆ ಪ್ರತ್ಯೇಕ ಶುಲ್ಕ ಕೊಡುತ್ತೇವೆ, ಆದರೆ ಕಾರಣ ಸಿದ್ಧವಾಗದೆ ಸಾಮಾನು ಬದಲಿಸಬೇಡಿ, ಇಷ್ಟು ಮೊತ್ತ ಮೀರಿದರೆ ಫೋನು ಮಾಡಿ’ ಎಂದು ಮೊದಲೇ ಹೇಳುವುದು ಲೇಸು. ಬದಲಿಸಲೇಬೇಕೆಂದರೆ ‘ಯಾವ ಪರೀಕ್ಷೆಯಿಂದ ಗೊತ್ತಾಯಿತು?’ ಎಂದು ವಿನಯದಿಂದ ಕೇಳಿ, ಹಳೆಯ ಭಾಗವನ್ನು ಪಡೆದುಕೊಳ್ಳಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಲೆಡ್ಜರಿನಲ್ಲಿ ತಾಳೆಯಾಗದ ಮೊತ್ತವನ್ನು ಹುಡುಕಿದವರಿಗೆಲ್ಲ ಇದು ಗೊತ್ತು: ಮೂರು ನಮೂದುಗಳನ್ನು ಒಟ್ಟಿಗೆ ತಿದ್ದಿದರೆ ತಪ್ಪು ಯಾವುದೆಂಬುದು ಎಂದಿಗೂ ತಿಳಿಯದು.

ವಾರಂಟಿಯ ಅವಧಿಯಲ್ಲಿರುವ ಕಾರಾದರೆ ಜಾಬ್ ಕಾರ್ಡಿನ ಪದಗಳಿಗೆ ಇನ್ನೂ ಹೆಚ್ಚಿನ ಮಹತ್ವ. ‘ಸಾಮಾನ್ಯ ತಪಾಸಣೆ’ ಎಂದು ಬರೆಯಿಸಿದರೆ ನಮ್ಮ ದೂರು ದಾಖಲೆಯಲ್ಲಿ ಹುಟ್ಟಿಯೇ ಇಲ್ಲ. ದೋಷವನ್ನು ನಮ್ಮ ಮಾತುಗಳಲ್ಲಿಯೇ ಬರೆಯಿಸಿ, ದೋಷ ಕಂಡುಬರಲಿಲ್ಲವೆಂದರೆ ಅದನ್ನೂ ಬರೆಯಿಸಿ, ಪ್ರತಿ ಸಲದ ಪ್ರತಿಯನ್ನು ಇಟ್ಟುಕೊಳ್ಳಬೇಕು. ‘ಕಂಡುಬರಲಿಲ್ಲ’ ಎಂಬ ನಾಲ್ಕು ಕಾರ್ಡುಗಳು ಒಟ್ಟಾದಾಗ ಅದೇ ಸಾಕ್ಷ್ಯ. 2020ರ ಜುಲೈಯಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೂರಿನ ಕಾರಣ ಉಂಟಾದ ಎರಡು ವರ್ಷಗಳೊಳಗೆ ಆಯೋಗಕ್ಕೆ ಹೋಗಬೇಕು. ಸರಿಯಾದ ಪರೀಕ್ಷೆಯಿಲ್ಲದೆ ದೋಷ ನಿರ್ಧರಿಸಲಾಗದಿದ್ದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಒಪ್ಪಿಸಲು ಆಯೋಗಕ್ಕೆ ಅಧಿಕಾರವಿದೆ. ಅಲ್ಲಿಯವರೆಗೆ ಹೋಗುವ ಮುನ್ನ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆಮಾಡಬಹುದು.

ರಿಪೇರಿಯಾಯಿತೆಂದು ನಂಬುವುದು ಯಾವಾಗ? ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಇಪ್ಪತ್ತು ಗಂಟೆ ಓಡಿಸಿದರೆ ಸರಾಸರಿ ಒಮ್ಮೆ ಕಾಣುವ ದೋಷವು ಗ್ಯಾರೇಜಿನವನ ಅರ್ಧ ಗಂಟೆಯ ಓಡಾಟದಲ್ಲಿ ಸಿಗುವ ಸಂಭವ ನಲವತ್ತರಲ್ಲಿ ಒಂದು. ಅವನಿಗೆ ಕಾಣಲಿಲ್ಲವೆಂದು ಸಿಟ್ಟಾಗುವುದರಲ್ಲಿ ಅರ್ಥವಿಲ್ಲ. ಇದೇ ಲೆಕ್ಕ ನಮಗೂ ಅನ್ವಯಿಸುತ್ತದೆ. ಸರಾಸರಿ ಹತ್ತು ದಿನಗಳಿಗೊಮ್ಮೆ ಹೊತ್ತುಗೊತ್ತಿಲ್ಲದೆ ಬರುವ ದೋಷವು, ಏನೂ ರಿಪೇರಿಯಾಗದೆಯೂ, ಹತ್ತು ದಿನ ಮುಖ ತೋರಿಸದಿರುವ ಸಂಭವ ನೂರಕ್ಕೆ 37. ಮೂವತ್ತು ದಿನ ಕಾಣದಿರುವ ಸಂಭವ ಮಾತ್ರ ನೂರಕ್ಕೆ 5. ಆದುದರಿಂದ ದೋಷದ ಸರಾಸರಿ ಅಂತರದ ಮೂರು ಪಟ್ಟು ಕಾಲ ಎಂದಿನಂತೆ ಓಡಿಸಿದ ಮೇಲೆಯೇ ಗುಣವಾಯಿತೆನ್ನಬೇಕು. ಮಳೆಗಾಲದ ದೋಷಕ್ಕಾದರೆ ಮುಂದಿನ ಮಳೆಗಾಲವೇ ಪರೀಕ್ಷೆ.

ಕೆಲವು ದೋಷಗಳಿಗೆ ಮಾತ್ರ ಈ ತಾಳ್ಮೆಯೂ ದಿನಚರಿಯೂ ಸಲ್ಲವು. ಒಮ್ಮೆಯಾದರೂ ಬ್ರೇಕಿನ ಪೆಡಲು ಕೆಳಕ್ಕೆ ಕುಸಿದಿದ್ದರೆ, ಸ್ಟಿಯರಿಂಗ್ ಒಮ್ಮಿಂದೊಮ್ಮೆ ಭಾರವಾಗಿದ್ದರೆ, ಸುಟ್ಟ ವಾಸನೆಯೋ ಪೆಟ್ರೋಲಿನ ವಾಸನೆಯೋ ಬಂದಿದ್ದರೆ, ಕಾರನ್ನು ಓಡಿಸದೆ ಎಳೆಯಿಸಿಕೊಂಡು ಹೋಗಬೇಕು. ಎಂಜಿನ್ ದೀಪ ಸ್ಥಿರವಾಗಿ ಉರಿಯುವುದಕ್ಕೂ ಮಿಣುಕುವುದಕ್ಕೂ ವ್ಯತ್ಯಾಸವಿದೆ. ಓಡುತ್ತಿರುವಾಗ ಮಿಣುಕಿದರೆ ಹೊಗೆ ಶುದ್ಧೀಕರಿಸುವ ದುಬಾರಿ ಭಾಗ ಹಾಳಾಗುವಷ್ಟು ಮಿಸ್ಸಿಂಗ್ ಇದೆ ಎಂದರ್ಥ. ಓಟದಲ್ಲಿ ಎಂಜಿನ್ ನಿಂತರೆ ಗಾಬರಿಯಿಂದ ಕೀಲಿ ಕಿತ್ತುಕೊಳ್ಳಬಾರದು, ಸ್ಟಿಯರಿಂಗ್ ಬೀಗ ಬಿದ್ದೀತು. ಬ್ರೇಕಿನ ಸಹಾಯಶಕ್ತಿ ಎರಡು ಮೂರು ಸಲದ ಒತ್ತುವಿಕೆಗೆ ಮಾತ್ರ ಉಳಿದಿರುವುದರಿಂದ ಪದೇಪದೇ ತುಳಿಯದೆ ಒಂದೇ ಸಮನೆ ಒತ್ತಿ ಹಿಡಿದು, ನಾಲ್ಕೂ ಸೂಚಕ ದೀಪಗಳನ್ನು ಹಚ್ಚಿ, ಭಾರವಾದ ಸ್ಟಿಯರಿಂಗನ್ನು ಬಲವಾಗಿ ತಿರುಗಿಸಿ ಎಡಕ್ಕೆ ತರಬೇಕು. ಹೆದ್ದಾರಿಯಲ್ಲಾದರೆ ಎಲ್ಲರೂ ಇಳಿದು ರಸ್ತೆಯ ಅಂಚಿನ ತಡೆಗೋಡೆಯ ಆಚೆ ನಿಲ್ಲುವುದು ಕ್ಷೇಮ. ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033, ಎಲ್ಲೆಡೆ 112 ಸಹಾಯಕ್ಕೆ ಇವೆ.

ಊರಿಗೆ ಹೊರಡುವ ಹಿಂದಿನ ದಿನ ಕಾರನ್ನು ಸರ್ವಿಸಿಗೆ ಕೊಡುವ ರೂಢಿ ನಮ್ಮಲ್ಲಿದೆ. ಬಂದು ಹೋಗುವ ದೋಷವಿರುವ ಕಾರಿಗೆ ಅದರಿಂದ ಪ್ರಯೋಜನವಿಲ್ಲ. ಪ್ರಯಾಣಕ್ಕೆ ಆರೇಳು ವಾರ ಮೊದಲೇ ಕೊಟ್ಟರೆ ಹುಡುಕಲೂ ಹೊತ್ತಿರುತ್ತದೆ, ಮೂರು ಪಟ್ಟಿನ ಲೆಕ್ಕದಂತೆ ಓಡಿಸಿ ನೋಡಲೂ ಹೊತ್ತಿರುತ್ತದೆ. ದಿನಚರಿಯ ಪುಸ್ತಕ, ಸ್ಕ್ಯಾನರಿನ ಚಿತ್ರ, ಹಳೆಯ ಜಾಬ್ ಕಾರ್ಡುಗಳ ಪ್ರತಿ ಇವಿಷ್ಟೂ ಗ್ಲೋವ್ ಬಾಕ್ಸಿನಲ್ಲಿರಲಿ. ಕುಂದಾಪುರದಲ್ಲಿಯೋ ಕಾರ್ಕಳದಲ್ಲಿಯೋ ಗಾಡಿ ನಿಂತರೆ ಅಲ್ಲಿನ ಮೆಕ್ಯಾನಿಕ್ ಮುಂಬಯಿಯವನು ಮುಗಿಸಿದಲ್ಲಿಂದಲೇ ಆರಂಭಿಸಬಹುದು.